ಖಾಲಿ ಚಾಪೆಯ ಮುಂದೆ ಒಂದು ಬಸಿ ಚಹಾ

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ಒಂದು ಚಪ್ಪರ, ಒಂದು ಬೇವಿನ ಮರ, ಮೂರು ಕಲ್ಲಿನ ಒಂದು ಒಲೆ. ಅಲ್ಲಿ ಹಾಲಯ್ಯಜ್ಜ ಇದ್ದ.

ಅಜ್ಜ ಚಹಾ ಕಾಸಲು ಕೂತನೆಂದರೆ ಹೊಳೆಯ ಮೊಸಳೆ ದಂಡೆಗೆ ಬಂದು ಬಾಯಿ ತೆರೆದು ಮಲಗುತ್ತಿತ್ತು. ಆಚೆ ದಂಡೆಯ ಎತ್ತುಗಳು ನೊಗದ ಸಮೇತ ಈಚೆ ತಿರುಗುತ್ತಿದ್ದವು. ಆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು ನಾನು, ಕಣ್ಣಾರೆ ಕಂಡಿದ್ದೇನೆ. ನಂಬದವರು ಮೊಸಳೆಯನ್ನೇ ಕೇಳಬಹುದು.

ಅಜ್ಜನ ದರ್ಶನಕ್ಕೆ ಹೋಗುವವರು ಹಣ್ಣು ಕಾಯಿ ಒಯ್ಯುತ್ತಿರಲಿಲ್ಲ. ಒಂದು ಹಿಡಿ ಚಹಾಪುಡಿ, ಒಂದು ತುಂಡು ಹಸಿಶುಂಠಿ, ನಾಲ್ಕು ಏಲಕ್ಕಿ, ಒಂದು ಹೆಂಟೆ ಬೆಲ್ಲ. ಇಷ್ಟನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಒಯ್ಯುತ್ತಿದ್ದರು. ನಾನು ಇವತ್ತಿಗೂ ಯಾರ ಮನೆಗೆ ಹೋದರೂ ಅದನ್ನೇ ಒಯ್ಯುತ್ತೇನೆ. ಬೆಳ್ಳಿ ಬಟ್ಟಲು ಕೊಟ್ಟವನನ್ನು ಜನ ಮರೆತಾರು, ಈ ಗಂಟು ಕೊಟ್ಟವನನ್ನು ಮರೆತದ್ದಿಲ್ಲ.

ಮಠದ ರೂಢಿ ಒಂದೇ. ಒಂದು ಕಪ್ಪು ಚಹಾವನ್ನು ಇಬ್ಬರು ಕುಡಿಯಬೇಕು. ಅರ್ಧ ಕಪ್ಪಿನಲ್ಲಿ ಉಳಿಯಬೇಕು, ಅರ್ಧ ಕೆಳಗಿನ ತಟ್ಟೆಗೆ, ನಮ್ಮ ಕಡೆ ಬಸಿ ಅನ್ನುತ್ತೇವಲ್ಲ, ಅದಕ್ಕೆ ಬಗ್ಗಿಸಬೇಕು. ಬಂದವರಿಗೆ ಕಪ್ಪು, ಮಾಡಿದವರಿಗೆ ಬಸಿ.

ಒಂದು ದಿನ ಆಚೆ ದಂಡೆಯ ಊರಿನಿಂದ ಫಕೀರೇಶ ಬಂದ. ಗಡಿಯಾರ ರಿಪೇರಿ ಮಾಡುವವನು. ಬಗಲಲ್ಲಿ ಅರಿವೆ ಗಂಟಿತ್ತು. ಅಡ್ಡಬಿದ್ದು ಎದ್ದ.

"ಅಜ್ಜಾರ, ಇನ್ನ ನಾ ಇಲ್ಲೇ ಇರ್ತೀನ್ರಿ. ನನಗ ಕಾವಿ ಕೊಡ್ರಿ."

"ಮನಿಯಾಗ ಯಾರದಾರ?"

"ಹೆಂಡ್ತಿ ಅದಾಳ್ರಿ, ಗೌರವ್ವ. ಮಗಳ ಲಗ್ನ ಆಗೈತಿ."

"ಜಗಳಾ ಆಡಿ ಬಂದಿಯೇನು?"

"ಇಲ್ರಿ. ಜಗಳಾ ಆಡಾಕ ಮಾತಾದ್ರೂ ಬೇಕಲ್ರಿ. ನಮ್ಮ ಮನಿಯಾಗ ಅದೂ ಇಲ್ಲ. ಗಡಿಯಾರ ಟಿಕ್ ಅಂತಾವ, ನಾವಿಬ್ಬರೂ ಕೇಳ್ತೀವಿ."

"ಆಕಿಗೆ ಹೇಳಿ ಬಂದೀಯೋ ಇಲ್ಲೋ?"

"ಮಠಕ್ಕ ಹೊಂಟೀನಿ ಅಂದೆ. ಚಹಾ ಕುಡದು ಹೋಗ್ರಿ ಅಂದ್ಲು."

"ಕುಡದಿ?"

"ಕುಡದ ಬಂದೆ."

ಅಜ್ಜ ಗಡ್ಡ ಕೆರೆದುಕೊಂಡ.

"ಚೊಲೋ ಆತು. ಇಲ್ಲಿ ನನಗ ದಿನಾ ಚಹಾ ಮಾಡಿ ಕೊಡು. ಕಪ್ಪು ಬಸಿ ಎರಡೂ ಖಾಲಿ ಆದ ದಿನ ಕಾವಿ ಕೇಳು."

ಫಕೀರೇಶನಿಗೆ ನಗು ಬಂತು. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಉಸಿರು ಬಿಡದೆ ಕೂರಿಸುವ ಕೈ ಅವನದು. ಚಹಾ ಯಾವ ಲೆಕ್ಕ.

ಶುಂಠಿ ಜಜ್ಜಿ ನೀರಿಗೆ ಹಾಕಿ ಕುದಿಸಿದ. ಪುಡಿ ಹಾಕಿದ, ಹಾಲು ಹಾಕಿದ, ಉಕ್ಕು ಬಂದಾಗ ಇಳಿಸಿದ. ಬೆಲ್ಲವನ್ನು ಇಳಿಸಿದ ಮೇಲೆಯೇ ಹಾಕಿದ. ಒಲೆಯ ಮೇಲಿದ್ದಾಗ ಹಾಕಿದರೆ ಹಾಲು ಒಡೆದೀತು. ಸೋಸಿ ಕೊಟ್ಟ.

ಅಜ್ಜ ಅರ್ಧವನ್ನು ಬಸಿಗೆ ಬಗ್ಗಿಸಿದ. ಫಕೀರೇಶನ ಪಕ್ಕದಲ್ಲಿ ಒಂದು ಚಾಪೆ ಖಾಲಿ ಹಾಸಿತ್ತು. ಬಸಿಯನ್ನು ಆ ಚಾಪೆಯ ಮುಂದಿಟ್ಟ. ತಾನು ಕಪ್ಪು ಮುಗಿಸಿದ.

"ಚೊಲೋ ಆಗೈತಿ."

ಬಸಿಯ ಚಹಾ ಅಲ್ಲೇ ಆರಿತು. ಮೇಲೆ ಕೆನೆ ಕಟ್ಟಿತು. ಫಕೀರೇಶ ಕೈ ಚಾಚಿದ.

"ಇದು ನಂದೇನ್ರಿ? ಮಾಡಿದಾಂವ ನಾನ ಅಲ್ಲೇನ್ರಿ?"

"ಎಂದರ ಬಸಿಯಾಗ ಕುಡದೀಯೇನು?"

"ಇಲ್ರಿ. ಮನಿಯಾಗ ನಂದು ಯಾವಾಗಲೂ ಕಪ್ಪು."

"ಹಂಗಾದ್ರ ಕೈ ತಗಿ."

"ಮತ್ತ ಇದು ಯಾರಿಗ್ರಿ?"

"ಕುಡಿಯೋರಿಗೆ."

ಮರುದಿನ ಏಲಕ್ಕಿ ಕುಟ್ಟಿ ಹಾಕಿದ. ಅದರ ಮರುದಿನ ನಿಂಬೆಹುಲ್ಲು ಕತ್ತರಿಸಿ ಹಾಕಿದ. ಆ ವಾಸನೆಗೆ ಬೇವಿನ ಮರವೇ ಒಂದು ದಿನ ಕಹಿ ಬಿಟ್ಟಿತ್ತು ಅಂತ ನಾನು ಹೇಳಿದರೆ ಈಗಿನವರು ನಗುತ್ತಾರೆ. ಅಜ್ಜ ಪ್ರತಿ ಸಲ ಚೊಲೋ ಆಗೈತಿ ಅಂದ. ಪ್ರತಿ ಸಲ ಬಸಿ ಖಾಲಿ ಚಾಪೆಯ ಮುಂದೆ ಕೂತು ಆರಿತು.

ವಯಸ್ಸಾದವರು, ಪೂರ್ತಿ ಕುಡಿಯಲು ಆಗುತ್ತಿಲ್ಲ ಅಂದುಕೊಂಡು ಫಕೀರೇಶ ಅರ್ಧ ಕಪ್ಪೇ ಮಾಡಿದ. ಅಜ್ಜ ಆ ಅರ್ಧದಲ್ಲಿ ಅರ್ಧವನ್ನು ಬಸಿಗೆ ಬಗ್ಗಿಸಿದ.

ದೇವರ ಪಾಲು ಇರಬೇಕು ಅಂದುಕೊಂಡು ಬಸಿಯನ್ನು ಬೇವಿನ ಬುಡದಲ್ಲಿದ್ದ ಲಿಂಗದ ಮುಂದೆ ಒಯ್ದಿಟ್ಟ. ಅಜ್ಜ ಎದ್ದು ಹೋಗಿ ತಿರುಗಿ ಚಾಪೆಯ ಮುಂದೆ ತಂದಿಟ್ಟ.

"ಶಿವಗ ಚಹಾ ಸೇರೂದಿಲ್ಲ" ಅಂದ.

ನಾನೂ ಬಾಯಿ ಹಾಕಿದೆ. "ಮೊಸಳಿಗೇನ್ರಿ ಅಜ್ಜಾರ?"

"ಅದರದು ಬ್ಯಾರೆ ಕಾಸೀನಿ. ನೀ ಹುಟ್ಟು ಹಾಕು ಹೋಗು."

ಫಕೀರೇಶನಿಗೆ ಹಟ ಬಂತು. ಮಗಳಿಗೆ ಫೋನ್ ಮಾಡಿ ಒಂದು ಡಬ್ಬಿ ತರಿಸಿದ. ಜಪಾನಿನ ಹಸಿರು ಚಹಾಪುಡಿ, ಮಾಚಾ ಅಂತ ಹೆಸರು. ಗುರುಕಾಣಿಕೆ ಆಗಲಿ ಅಂತ ಜೊತೆಗೆ ಒಂದು ಅಗಲ ಬಟ್ಟಲು, ಬಿದಿರಿನ ಒಂದು ಪುಟ್ಟ ಕಡಗೋಲು.

ಅದು ಬಂದ ದಿನ ಹೊಳೆ ತುಂಬಿತ್ತು. ನಾನು ಒಂದು ಕೈಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಲಿ ಡಬ್ಬಿ ಎತ್ತಿ ಹಿಡಿದು ದಾಟಿಸಿದೆ. ನನ್ನ ರೊಟ್ಟಿ ನೆನೆಯಿತು, ಡಬ್ಬಿಗೆ ಒಂದು ಹನಿ ತಾಗಲಿಲ್ಲ.

ಪುಡಿ ಗುಲಾಲಿನಷ್ಟು ನಯ, ಬಣ್ಣ ಹಸಿ ಮದರಂಗಿಯದು. ಫಕೀರೇಶ ಅದನ್ನು ತೆಳು ಅರಿವೆಯಲ್ಲಿ ಜರಡಿ ಹಿಡಿದ. ನೀರು ಕುದಿಸಿ ಇಳಿಸಿ, ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನೆ ಬಿಟ್ಟ. ಕುದಿ ನೀರು ಹಾಕಿದರೆ ಅದು ಕಹಿಯಾಗುತ್ತದಂತೆ. ಮೊದಲು ಚೂರು ನೀರಲ್ಲಿ ಗಂಟಿಲ್ಲದಂತೆ ಕಲಸಿದ, ಆಮೇಲೆ ಉಳಿದದ್ದು ಹೊಯ್ದ. ಮಜ್ಜಿಗೆ ಕಡೆದಂತೆ ಸುತ್ತ ತಿರುಗಿಸಲಿಲ್ಲ. ಕಡಗೋಲನ್ನು ಹಿಂದಕ್ಕೆ ಮುಂದಕ್ಕೆ ಬಡಬಡ ಆಡಿಸಿದ. ಆಗತಾನೆ ಕರೆದ ಹಾಲಿನಂತೆ ನೊರೆ ಎದ್ದಿತು.

ಎರಡು ಕೈಯಲ್ಲಿ ಹಿಡಿದು ಅಜ್ಜನ ಮುಂದಿಟ್ಟ. ಒಳಗೊಳಗೇ ಗೆದ್ದ ಮುಖ.

"ಇದಕ್ಕ ಬಸಿ ಇರೂದಿಲ್ರಿ ಅಜ್ಜಾರ. ಒಂದು ಬಟ್ಟಲು, ಒಬ್ಬರೇ ಕುಡಿಯೂದು."

ಅಜ್ಜ ಬಟ್ಟಲನ್ನು ತಿರುವಿ ತಿರುವಿ ನೋಡಿದ. ಮೂಸಿದ. ಒಂದು ಗುಟುಕು ಕುಡಿದ.

"ಜ್ವಾಳದ ಹೊಲಾನ ಕುಡದಂಗ ಆತು."

ಆಮೇಲೆ ಎದ್ದು ಹೋಗಿ ಒಂದು ಮುತ್ತುಗದ ಎಲೆ ಕಿತ್ತು ತಂದ. ಮುಳ್ಳು ಚುಚ್ಚಿ ದೊನ್ನೆ ಮಾಡಿದ. ಅರ್ಧವನ್ನು ಅದಕ್ಕೆ ಬಗ್ಗಿಸಿ ಖಾಲಿ ಚಾಪೆಯ ಮುಂದಿಟ್ಟ.

ಫಕೀರೇಶ ತಲೆಯ ಮೇಲೆ ಕೈ ಹೊತ್ತು ಕೂತ.

"ನನ್ನ ಚಹಾದಾಗ ತಪ್ಪೇನೈತ್ರಿ ಅಜ್ಜಾರ?"

"ಚಹಾದಾಗ ಏನೂ ತಪ್ಪಿಲ್ಲ."

"ನನ್ನ ಕೈಯಾಗ?"

"ಕೈ ಬಂಗಾರದಂಥಾದ್ದು."

"ಮತ್ತ?"

ಅಜ್ಜ ಮೀಸೆಯ ಹಸಿರು ನೊರೆ ಒರೆಸಿಕೊಂಡ.

"ಚಾಪಿ ಖಾಲಿ ಐತಿ."

ಮರುದಿನ ಬೆಳಿಗ್ಗೆ ಫಕೀರೇಶ ಯಾವ ಹೊಸ ವಿದ್ಯೆಯನ್ನೂ ತೋರಿಸಲಿಲ್ಲ. ಶುಂಠಿ, ಪುಡಿ, ಹಾಲು, ಬೆಲ್ಲ. ಅಜ್ಜ ಎಂದಿನಂತೆ ಬಗ್ಗಿಸಿ, ಎಂದಿನಂತೆ ಬಸಿ ಇಟ್ಟ.

ಅದೇ ಹೊತ್ತಿಗೆ ನನ್ನ ಹರಿಗೋಲಿನಿಂದ ಗೌರವ್ವ ಇಳಿದು ಬಂದಳು. ಅಜ್ಜನಿಗೆ ಕೈ ಮುಗಿದಳು. ಗಂಡನ ಕಡೆ ತಿರುಗಿದಳು.

"ದೇಸಾಯರ ಗ್ವಾಡಿ ಗಡಿಯಾರದ ಚಾವಿ ಎಲ್ಲಿ ಇಟ್ಟೀರಿ? ಅವರು ದಿನಾ ಬಂದು ಕಟ್ಟಿ ಮ್ಯಾಲ ಕೂಡ್ತಾರ. ಅವರಿಗೆ ಚಹಾ ಮಾಡಿ ಮಾಡಿ ಮನಿಯಾಗ ಹಾಲು ಉಳಿಯವಲ್ದು."

"ಎಡಗಡೆ ಡ್ರಾದಾಗ ಐತಿ. ಗುಂಡಿ ಡಬ್ಬಿಯಾಗ ನೋಡು."

"ಗುಂಡಿ ಡಬ್ಬಿಯಾಗ ಚಾವಿ ಇಡೂದು ಯಾವ ಊರಾಗ ಕಲತ್ರಿ?"

ಕೂರಲು ಬೇರೆ ಚಾಪೆ ಇರಲಿಲ್ಲ. ಖಾಲಿ ಚಾಪೆಯ ಮೇಲೆ ಕೂತಳು. ಮುಂದೆ ಬಸಿ ಇತ್ತು. ಯಾರದು ಅಂತ ಕೇಳಲಿಲ್ಲ. ದಿನಾ ಮಾಡುವ ಕೆಲಸದಂತೆ ಎರಡು ಕೈಯಿಂದ ಎತ್ತಿ, ಊದಿ, ಸುರ್ ಅಂತ ಕುಡಿದಳು.

"ಶುಂಠಿ ಹೆಚ್ಚಾಗೈತಿ" ಅಂದಳು. "ಆದ್ರ ಚೊಲೋ ಐತಿ. ಯಾರು ಮಾಡ್ಯಾರ?"

"ನಾ ಮಾಡೀನಿ."

ಗೌರವ್ವ ಬಸಿಯನ್ನು ತುಟಿಯಿಂದ ಕೆಳಗಿಳಿಸಿದಳು. ಗಂಡನ ಮುಖ ನೋಡಿದಳು.

"ನಿಮಗ ಚಹಾ ಮಾಡಾಕ ಬರ್ತೈತಿ?"

ಫಕೀರೇಶ ತಲೆ ತಗ್ಗಿಸಿದ.

ಅವಳು ಉಳಿದದ್ದನ್ನು ನಿಧಾನ ಕುಡಿದಳು. ಆಮೇಲೆ ಹೊಳೆಯ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ನೀವು ಈ ಕಡೆ ಬಂದ ಮ್ಯಾಲೂ ನನ್ನ ಕೈ ತಪ್ಪಿ ಅರ್ಧಾ ಬಸಿಗೆ ಬಗ್ಗಸ್ತೀನ್ರಿ. ನನ್ನ ಬಸಿ ಕುಡದು ಏಳ್ತೀನಿ. ಕಪ್ಪು ಅಲ್ಲೇ ಆರಿ ಹೋಗ್ತೈತಿ."

ಅಜ್ಜ ತನ್ನ ಕಪ್ಪನ್ನು ಮುಗಿಸಿ ಬೋರಲು ಹಾಕಿದ.

"ಫಕೀರೇಶ, ಕಪ್ಪು ಖಾಲಿ. ಬಸಿ ಖಾಲಿ. ಕೇಳು."

ಫಕೀರೇಶ ಒಲೆಯ ಸೌದೆಯನ್ನು ಒಳಕ್ಕೆ ದೂಡಿದ. ಅದು ಚಟಪಟ ಅಂದಿತು.

"ಏನ ಕೇಳೂದೈತ್ರಿ ಇವರು?" ಅಂದಳು ಗೌರವ್ವ.

"ಅಂವಗ ಗೊತ್ತು."

ಫಕೀರೇಶ ನನ್ನ ಕಡೆ ತಿರುಗಿದ.

"ಹರಿಗೋಲಿನಾಗ ಇಬ್ಬರಿಗೆ ಜಾಗಾ ಐತೇನಪಾ?"

"ಆನಿ ಬಂದ್ರೂ ಕೂಡಸ್ತೀನಿ" ಅಂದೆ. ಕೂರಿಸಿದ್ದೂ ಉಂಟು, ಅದು ಬೇರೆ ಕಥೆ.

ಅಜ್ಜ ಹಸಿರು ಪುಡಿಯ ಡಬ್ಬಿ, ಬಟ್ಟಲು, ಕಡಗೋಲು ಎಲ್ಲವನ್ನೂ ಗೌರವ್ವನ ಸೆರಗಿಗೆ ಹಾಕಿದ.

"ಬಿಸಿ ಹಾಲಿನಾಗ ಬೆಲ್ಲಾ ಕರಗಿಸಿ, ಇದನ್ನ ಒಂದು ಚಿಟಿಕಿ ಕಡದು ಹಾಕಿದ್ರ ರುಚಿ ಆಗ್ತೈತವ್ವ. ಹೆಂಗ ಕಡೀಬೇಕು ಅನ್ನೂದು ನಿನ್ನ ಗಂಡಗ ಗೊತ್ತೈತಿ."

ಇಬ್ಬರೂ ನೀರಿನ ಅಂಚಿಗೆ ಬಂದರು. ಗೌರವ್ವ ಹರಿಗೋಲು ಹತ್ತಿದಳು. ಫಕೀರೇಶ ಅಲ್ಲೇ ನಿಂತ, ತಿರುಗಿ ಬಂದ, ಅಜ್ಜನ ಪಾದ ಹಿಡಿದ.

"ಕಾವಿ ಬ್ಯಾಡ್ರಿ ಅಜ್ಜಾರ. ಆದ್ರ ಬರಿಗೈಲೆ ಕಳಸಬ್ಯಾಡ್ರಿ. ಒಂದ ಮಾತು ಹೇಳ್ರಿ."

ಅಜ್ಜ ಬಸಿಯನ್ನು ತೊಳೆದ. ಹೊದ್ದ ಶಾಲಿನ ಅಂಚಿನಿಂದ ಒರೆಸಿದ. ಅದನ್ನು ಫಕೀರೇಶನ ಅಂಗೈ ಮೇಲಿಟ್ಟ.

"ನಾಳಿ ಮುಂಜಾನಿಂದ ಇದು ನಿಂದು."