ಎಮ್ಮೆಯ ಮಿದುಳಿನಲ್ಲಿ ಭಕ್ತಿಯ ಜಾಗ

ಮಿದುಳಿನಲ್ಲಿ ಭಕ್ತಿ ಎಲ್ಲಿರುತ್ತದೆಂದು ಸಂಶೋಧನೆ ನಡೆಸುತ್ತಿದ್ದ ಕೊಕ್ಕರೆ ಪಂಡಿತ ಒಂದು ಎಮ್ಮೆಯನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದ.

"ಅಲ್ಲಾಡಬೇಡ, ಮಾತಾಡಬೇಡ. ದೇವರನ್ನು ನೆನೆದರೆ ಸಾಕು," ಎಂದ.

"ಆಗಲಿ ಸ್ವಾಮಿ," ಎಂದು ಎಮ್ಮೆ ಕಣ್ಣು ಮುಚ್ಚಿತು.

ಯಂತ್ರ ಗಡಗಡ ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎಮ್ಮೆಯ ಮಿದುಳಿನ ಒಂದು ಮೂಲೆ ಕೆಂಡದಂತೆ ಕೆಂಪಾಯಿತು. ಪಂಡಿತ ರೆಕ್ಕೆ ಬಡಿದು ಕುಣಿದ. "ಸಿಕ್ಕಿತು! ಭಕ್ತಿಯ ಜಾಗ ಸಿಕ್ಕಿತು!" ಎಂದು ಕೂಗಿ, ಕಾಡಿನ ವಿದ್ವಾಂಸರನ್ನೆಲ್ಲ ಕರೆತರಲು ಕಾಗೆಯನ್ನು ಅಟ್ಟಿದ. ಆಮೇಲೆ ಎಮ್ಮೆಯನ್ನು ಹೊರಗೆಳೆದು, "ಯಾವ ದೇವರನ್ನು ಇಷ್ಟು ಗಾಢವಾಗಿ ನೆನೆದೆ, ತಾಯಿ?" ಎಂದು ಕೇಳಿದ.

"ದೇವರನ್ನು ನೆನೆಯಲು ಬಿಟ್ಟರೆ ತಾನೆ ಸ್ವಾಮಿ! ಒಂದು ನೊಣ ಮೂಗಿನ ಮೇಲೆ ಕೂತು ಕಚಗುಳಿ ಇಡುತ್ತಿತ್ತು. ಅಲ್ಲಾಡಬೇಡ ಅಂದಿದ್ದಿರಲ್ಲ, ಸೀನು ತಡೆದುಕೊಂಡು ಮಲಗಿದ್ದೆ."

ಪಂಡಿತನ ಮುಖ ಬಾಡಿತು. ಅಷ್ಟರಲ್ಲಿ ವಿದ್ವಾಂಸರು ಹರಟುತ್ತಾ ಬಾಗಿಲವರೆಗೆ ಬಂದೇಬಿಟ್ಟರು. ಪಂಡಿತ ಎಮ್ಮೆಯನ್ನು ಅವಸರವಾಗಿ ಯಂತ್ರದೊಳಗೆ ದಬ್ಬಿದ. ಗೋಡೆಯ ಮೇಲಿದ್ದ ನೊಣದತ್ತ ತಿರುಗಿ ರೆಕ್ಕೆ ಜೋಡಿಸಿ ನಿಂತ.

"ಪೂಜ್ಯರೇ," ಎಂದು ಪಿಸುಗುಟ್ಟಿದ, "ದಯವಿಟ್ಟು ಮೊದಲು ಕೂತಿದ್ದ ಜಾಗದಲ್ಲೇ ಕೂತುಕೊಳ್ಳಿ."