ಕೆಂಚಪ್ಪಗೌಡರ ಎರಡನೇ ದೋಸೆ

ಏರ್‌ಪೋರ್ಟಿನಲ್ಲಿ ಯಾವ ವಿಮಾನ ಎಷ್ಟೊತ್ತಿಗೆ ಅಂತ ಬೋರ್ಡಿಗೆ ಹಾಕುವವನು ನಾನೇ. ಕುರಿ ಕಾಯ್ದವನಾದರೇನು, ನನ್ನಷ್ಟು ಚುರುಕಾದವನು ಆ ಕಟ್ಟಡದಲ್ಲೇ ಇಲ್ಲ!

ಒಂದು ದಿನ, ವಿಮಾನ ಹತ್ತಬೇಕಾದ ಹೊತ್ತಲ್ಲಿ, ನಮ್ಮ ತಾಲೂಕಿನ ಮುಖಂಡರು ಕೆಂಚಪ್ಪಗೌಡರು ಕ್ಯಾಂಟೀನಿನಿಂದಲೇ ಗುಡುಗಿದರು: "ಲೇ, ಇನ್ನೊಂದು ದೋಸೆ ಹೇಳಿದೀನಿ. ವಿಮಾನ ತಡ ಅಂತ ಹಾಕು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಕೆಲಸ ಇರಲ್ಲ!"

"ಹಾಕ್ತೀನಿ ಗೌಡ್ರೆ. ಆದ್ರೆ ಕಾರಣ ಬರೀದಿದ್ರೆ ಕಂಪ್ಯೂಟರ್ ಒಪ್ಪಲ್ಲ. 'ಕೆಂಚಪ್ಪಗೌಡರ ಎರಡನೇ ದೋಸೆ' ಅಂತ ಬರೀಲಾ? ಎಲ್ಲಾ ಬೋರ್ಡಲ್ಲೂ ಬರುತ್ತೆ. ಡೆಲ್ಲೀಲೂ ಓದ್ತಾರೆ."

ಗೌಡರು ಪಂಚೆ ಎತ್ತಿಕೊಂಡು ಓಡಿದರು. ವಿಮಾನ ಸರಿಯಾದ ಹೊತ್ತಿಗೇ ಹಾರಿತು.

ಮರುವಾರ ಬಂದವರೇ ನನ್ನ ಬೆನ್ನು ತಟ್ಟಿ ನಕ್ಕರು. "ಲೋ ಕಳ್ಳ, ಆ ದೋಸೆ ಏನಾಯ್ತೋ?"

"ಅದೂ ತಡ ಆಗ್ಲಿಲ್ಲ ಗೌಡ್ರೆ. ನನ್ನ ಹೊಟ್ಟೇಲಿ ಲ್ಯಾಂಡ್ ಆಯ್ತು."