ಸಾಣೆಯವನು ಕೊಂಡ ಮೋಟಾರು

“ಅಗ್ಗ ಅಗ್ಗ ಅಂತ ಹೇಳಿ ಬಡವರ ಸೈಕಲ್ ಕೆಡಿಸಿದ್ದಾರೆ, ಗುರುಗಳೇ. ಪಕ್ಕದ ಪೇಟೆಯಲ್ಲಿ ಹೋದ ವರ್ಷ ಎಲ್ಲರ ಸೈಕಲ್ಲಿಗೂ ಒಂದೇ ಬಗೆಯ ಮೋಟಾರು ಹಾಕಿಸಿದರು. ಈಗ ಅರ್ಧ ಜನ ಅದನ್ನು ಕಿತ್ತು ಮೂಲೆಗೆ ಎಸೆದಿದ್ದಾರೆ. ನಮ್ಮಲ್ಲಿ ಹಾಗಾಗಬಾರದು. ಅಗ್ಗದಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?”

ಕೇಳಿದವನು ಹಾಲೇಶ. ಬೀದಿ ಕೆಲಸಗಾರರ ಸಂಘದ ಕಾರ್ಯದರ್ಶಿ. ಸೈಕಲ್ ಮೇಲೆ ದುಡಿಯುವ ಸದಸ್ಯರಿಗೆಲ್ಲ ಒಟ್ಟಿಗೆ ಮೋಟಾರು ಕಿಟ್ ತರಿಸಬೇಕೆಂದು ಸಂಘ ತೀರ್ಮಾನಿಸಿತ್ತು. ಒಟ್ಟಿಗೆ ತರಿಸಿದರೆ ಬೆಲೆ ಇಳಿಯುತ್ತದೆ. ಯಾವುದನ್ನು ತರಿಸಬೇಕೆಂದು ಹೇಳುವ ಹೊಣೆ ಹಾಲೇಶನದು. ಮರುದಿನ ಬೆಳಿಗ್ಗೆ ಎಲ್ಲರೂ ಸೈಕಲ್ ತೆಗೆದುಕೊಂಡು ಸಂಘದ ಅಂಗಳಕ್ಕೆ ಬರಬೇಕು, ಹಾಲೇಶ ಆರಿಸಿದ್ದಕ್ಕೆ ಅಳತೆ ಕೊಡಬೇಕು ಎಂದು ನಿಗದಿಯಾಗಿತ್ತು.

ಗುರುಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗೋಡೆಗೆ ಅಂಟಿಸಿದ ಕಾಗದಗಳನ್ನು ನೋಡಿ ನೋಡಿ ಅಕ್ಷರ ಕಲಿತವರು. ಪೇಟೆಯ ದುಡಿಯುವ ಜನ ಅವರನ್ನು ಗುರು ಎನ್ನುತ್ತಿದ್ದರು. ಪೊಲೀಸರು ಬೇರೆ ಏನೋ ಎನ್ನುತ್ತಿದ್ದರು.

“ನಿನ್ನ ಮನಸ್ಸಿನಲ್ಲಿ ಯಾವುದಿದೆ?” ಎಂದು ಗುರುಗಳು ಕೇಳಿದರು.

“ಹಿಂದಿನ ಚಕ್ರದೊಳಗೇ ಮೋಟಾರು ಕೂರುವಂಥದ್ದು. ತಂದಿಟ್ಟಿದ್ದ ಮೂರನ್ನೂ ನಾನೇ ಓಡಿಸಿ ನೋಡಿದೆ. ರೈಲ್ವೆ ಗೇಟಿನ ಏರಿನಲ್ಲಿ ಉಳಿದೆರಡು ಮುಕ್ಕಿರಿದವು. ಇದು ಉಸಿರೆತ್ತದೆ ಹತ್ತಿತು. ಬೆಲೆಯೂ ನಮ್ಮವರ ಕೈಗೆಟಕುತ್ತದೆ.”

“ಓಡಿಸಿ ನೋಡಿದ್ದಾಯಿತು, ಆರಿಸಿದ್ದಾಯಿತು. ಮತ್ತೆ ಇಲ್ಲಿಗೇಕೆ ಬಂದೆ?”

“ನೀವೊಂದು ಮಾತು ಸರಿ ಅಂದರೆ ಧೈರ್ಯ ಬರುತ್ತೆ.”

“ಧೈರ್ಯ ನನ್ನ ಹತ್ತಿರ ದಾಸ್ತಾನಿಲ್ಲ. ಒಂದು ಕತೆ ಇದೆ. ಕೂತುಕೋ,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಸಾಣೆಯವನಿದ್ದ. ಚಾಕು, ಕತ್ತರಿ, ಮಚ್ಚು ಏನು ಕೊಟ್ಟರೂ ಹರಿತ ಮಾಡಿಕೊಡುತ್ತಿದ್ದ. ಅವನ ಸೈಕಲ್ಲಿನ ಹ್ಯಾಂಡಲ್ ಹತ್ತಿರ ಒಂದು ಸಾಣೆಕಲ್ಲು. ಹಿಂದಿನ ಚಕ್ರದ ನಡುವೆ ಅವನಪ್ಪ ಬಿಗಿಸಿದ್ದ ಒಂದು ಕಬ್ಬಿಣದ ರಾಟೆ. ರಾಟೆಯಿಂದ ಕಲ್ಲಿಗೆ ಒಂದು ಪಟ್ಟಿ. ಬೀದಿಯಲ್ಲಿ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಲ್ಲು ತಿರುಗುತ್ತಿತ್ತು. ಬೇರೆಯವರ ಸೈಕಲ್ ಓಡುವಾಗ ದುಡಿಯುತ್ತದೆ. ಅವನ ಸೈಕಲ್ ನಿಂತಾಗ ದುಡಿಯುತ್ತಿತ್ತು.

ಅವನಿಗೆ ಕೆಲಸ ಸಿಗುವ ಊರುಗಳು ಗುಡ್ಡದಾಚೆ ಇದ್ದವು. ಏರು ಹತ್ತುವಷ್ಟರಲ್ಲಿ ಕಾಲು ಸೋತಿರುತ್ತಿತ್ತು. ಸೋತ ಕಾಲಿನಲ್ಲಿ ಮತ್ತೆ ಕಲ್ಲು ತುಳಿಯಬೇಕು. ತುಳಿಯಲಾರದೆ ಅರ್ಧ ಬೀದಿ ಬಿಟ್ಟು ಬರುತ್ತಿದ್ದ. ಬಿಟ್ಟ ಬೀದಿಗಳಿಗೆ ಬೇರೊಬ್ಬ ಸಾಣೆಯವನು ಬರತೊಡಗಿದ.

“ನಿಮ್ಮ ಮೊಣಕಾಲು ಕಿರುಗುಟ್ಟೋದು ಆಚೆಮನೆಗೂ ಕೇಳಿಸ್ತದೆ. ಚೈನಿಗೆ ಬಿಡೋ ಎಣ್ಣೇನ ಅದಕ್ಕೂ ಒಂದು ತೊಟ್ಟು ಬಿಡಿ,” ಎಂದಳು ಹೆಂಡತಿ. ಅವನು ನಕ್ಕ. ಅವಳು ನಗಲಿಲ್ಲ. ಸಾಕಿದ್ದ ಆಡುಗಳನ್ನು ಮಾರಿ, “ಹೋಗಿ ಒಂದು ಮೋಟಾರು ಹಾಕಿಸ್ಕೊಂಡು ಬನ್ನಿ,” ಎಂದಳು.

ಸಾಣೆಯವರ ಮನೆಗಳಲ್ಲಿ ಒಂದು ರೂಢಿಯಿತ್ತು. ಮನೆಯಾಗಲಿ ಅಂಗಡಿಯಾಗಲಿ, ಕರೆಯದೆ ಯಾರ ಹೊಸ್ತಿಲಿಗೂ ಕಲ್ಲು ಒಯ್ಯಬಾರದು. ಬೀದಿಯಲ್ಲಿ ಕೂಗಬೇಕು, ಅವರು ಹೊರಗೆ ತಂದುಕೊಡಬೇಕು. ಕರೆಯದೆ ಕಲ್ಲು ಹೊತ್ತು ಬಾಗಿಲಿಗೆ ಹೋದರೆ ಭಿಕ್ಷೆಗೆ ಹೋದ ಹಾಗೆ. ಈ ರೂಢಿಯನ್ನು ಮಾಡಿದವನು ಯಾರೋ ಗೊತ್ತಿಲ್ಲ. ಅವನು ಸಾಣೆಯವನಂತೂ ಅಲ್ಲ.

ಸಾಣೆಯವನು ರೂಢಿಯಂತೆ ನಡೆದುಕೊಂಡ. ಕಲ್ಲು ಬಿಚ್ಚಿ ಮನೆಯಲ್ಲಿಟ್ಟ. ಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿದ. ಸೈಕಲ್ ತೊಳೆದ, ಒರೆಸಿದ, ತಾನೂ ಒಗೆದ ಅಂಗಿ ತೊಟ್ಟ. ರಾಟೆ ಮಾತ್ರ ಚಕ್ರಕ್ಕೆ ತುಕ್ಕು ಹಿಡಿದು ಕೂತಿದ್ದರಿಂದ ಬಿಚ್ಚಲು ಬರಲಿಲ್ಲ. ಹಾಗೇ ತಳ್ಳಿಕೊಂಡು ಮೋಟಾರಿನ ಅಂಗಡಿಗೆ ಹೋದ.

ಅಂಗಡಿಯ ವ್ಯಾಪಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ಬೈದು ಈ ಕತೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಅವನು ಕೇಳಬೇಕಾದ್ದನ್ನು ಕೇಳಿದ.

“ದಿನಕ್ಕೆ ಎಷ್ಟು ದೂರ ಹೋಗ್ತೀಯಪ್ಪ?”

“ಗುಡ್ಡದಾಚೆ ಹೋಗಿ ಬರ್ತೀನಿ, ಸಾವ್ಕಾರ್ರೇ.”

“ಏರು ಜಾಸ್ತಿಯೋ?”

“ಏರೇ ಎಲ್ಲ.”

“ರಾತ್ರಿ ಬ್ಯಾಟರಿ ಚಾರ್ಜ್ ಹಾಕೋಕೆ ಮನೇಲಿ ಕರೆಂಟ್ ಇರ್ತದಾ?”

“ಇರ್ತದೆ.”

“ಹೊರೆ ಏನು ಹಾಕ್ತೀಯ?”

ಸಾಣೆಯವನು ಸುತ್ತ ನೋಡಿದ. ಅಂಗಡಿಯಲ್ಲಿ ಇಸ್ತ್ರಿ ಅಂಗಿಯ ನಾಲ್ಕಾರು ಜನ ನಿಂತಿದ್ದರು. “ಒಂದು ಕಲ್ಲು,” ಎಂದ.

“ಕಲ್ಲಾ?”

“ಹೂಂ. ಒಂದೇ ಒಂದು.”

ನಿಂತಿದ್ದವರಲ್ಲಿ ಒಬ್ಬ ಹೇಳಿದ: “ಒಂದು ಕಲ್ಲು ಮೆರವಣಿಗೆ ಮಾಡೋಕೆ ಮೋಟಾರು ಬೇರೆ ಬೇಕೇನಯ್ಯಾ? ಬಗಲಲ್ಲಿ ಇಟ್ಕೊಂಡು ಬಸ್ ಹತ್ತು.”

ಎಲ್ಲರೂ ನಕ್ಕರು. ಸಾಣೆಯವನೂ ನಕ್ಕ. ಅವರಿಗಿಂತ ಜಾಸ್ತಿ ನಕ್ಕ.

ವ್ಯಾಪಾರಿ ಬಗ್ಗಿ ಹಿಂದಿನ ಚಕ್ರ ನೋಡಿದ. ರಾಟೆಯನ್ನು ಬೆರಳಿನಿಂದ ತಟ್ಟಿ, “ಇದೇನಿದು ಕಬ್ಬಿಣ?” ಎಂದ.

ಇನ್ನೊಮ್ಮೆ ನಗಿಸಿಕೊಳ್ಳಲು ಸಾಣೆಯವನಿಗೆ ಇಷ್ಟವಿರಲಿಲ್ಲ. “ಅಪ್ಪನ ಕಾಲದ್ದು. ಬಿಡಿ,” ಎಂದ.

ವ್ಯಾಪಾರಿ ಬಿಟ್ಟ. ಏರು ಹತ್ತಬೇಕು, ಹೊರೆ ಇದೆ, ಬೆಲೆ ಮಿತಿಯಲ್ಲಿರಬೇಕು ಎಂದು ಲೆಕ್ಕ ಹಾಕಿ, ಹಿಂದಿನ ಚಕ್ರದ ಮೋಟಾರನ್ನು ಆರಿಸಿಕೊಟ್ಟ. ಹಳೆಯ ಚಕ್ರ ಬಿಚ್ಚಿ, ಮೋಟಾರಿರುವ ಹೊಸ ಚಕ್ರ ಕೂರಿಸಿದ. ಹ್ಯಾಂಡಲ್ಲಿಗೆ ತಿರುಚುವ ಹಿಡಿ ಹಾಕಿದ. ಹಳೆಯ ಚಕ್ರವನ್ನು ಕ್ಯಾರಿಯರ್‌ಗೆ ಕಟ್ಟಿಕೊಟ್ಟ. ರಾಟೆಯನ್ನು ಮನೆಯಲ್ಲಿ ಹೇಗಾದರೂ ಬಿಡಿಸಿ ಹೊಸ ಚಕ್ರಕ್ಕೆ ಬಿಗಿದುಕೊಂಡರಾಯಿತು ಎಂದುಕೊಂಡು ಸಾಣೆಯವನು ಹೊರಟ.

ಅವತ್ತು ಮನೆಗೆ ಹೋಗುವ ಮೊದಲು ಅವನು ಗುಡ್ಡವನ್ನು ಕಾಲಾಡಿಸದೆ ಹತ್ತಿದ. ತುದಿಯಲ್ಲಿ ನಿಂತು ತಿರುಗಿ ನೋಡಿದ. ಇಷ್ಟು ವರ್ಷ ತನ್ನನ್ನು ಅರೆದದ್ದು ಇದೇನಾ ಎನಿಸಿತು. ಅವನು ಸುಖಪಟ್ಟನೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಸುಖ ಅವನಿಗೆ ಸಲ್ಲಬೇಕಾದದ್ದೇ.

ಮನೆಗೆ ಬಂದು ರಾಟೆ ಎಲ್ಲಿ ಬಿಗಿಯಬೇಕೆಂದು ನೋಡಿದ. ರಾಟೆ ಕೂರಬೇಕಾದ ಜಾಗದಲ್ಲಿ ಮೋಟಾರಿನ ದಪ್ಪ ಡಬ್ಬ ಕೂತಿತ್ತು. ರಾಟೆಯನ್ನು ಬಿಡಿಸಿದರೂ ಅಲ್ಲಿ ಸೇರುವಂತಿರಲಿಲ್ಲ. ಹಳೆಯ ಟ್ಯೂಬ್ ಕೊಯ್ದು ಉದ್ದನೆಯ ಪಟ್ಟಿ ಮಾಡಿ, ಟೈರಿನ ಮೇಲೆಯೇ ಹಾಯಿಸಿ ಕಲ್ಲಿಗೆ ಜೋಡಿಸಿದ. ಪೆಡಲ್ ತುಳಿದ. ಟೈರು ರಾಟೆಗಿಂತ ಎಷ್ಟೋ ದೊಡ್ಡದು, ಬಂಡೆ ತುಳಿದ ಹಾಗಾಯಿತು. ಹಿಡಿ ತಿರುಚಿದ. ಕಲ್ಲು ಗಿರ್ರೆಂದು ತಿರುಗಿತು.

“ತುಳಿಯೋದೇ ಬೇಡ ಕಣೇ,” ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಒಂದು ತೊಡಕು ಉಳಿಯಿತು. ಅಲಗು ಹಿಡಿಯಲು ಎರಡು ಕೈ ಬೇಕು. ಹಿಡಿ ತಿರುಚಲು ಒಂದು ಕೈ ಬೇಕು. ಮೂರನೆಯ ಕೈ ಇಲ್ಲದ್ದರಿಂದ, ಸ್ಟ್ಯಾಂಡ್ ಹಾಕಿದ ಮೇಲೆ ಹಿಡಿಯನ್ನು ಪೂರ್ತಿ ತಿರುಚಿ ದಾರದಿಂದ ಕಟ್ಟುವುದೆಂದುಕೊಂಡ.

ಗುಡ್ಡದಾಚೆಯ ಮೊದಲ ಬೀದಿಯಲ್ಲಿ ಎರಡು ಮಚ್ಚು ಬಂದವು. ದಪ್ಪ ಕಬ್ಬಿಣ, ಕಿಡಿ ಹಾರಿತು, ಹರಿತವಾಯಿತು. ಜನ ನಿಂತು ನೋಡಿದರು. ಮುಂದಿನ ಬೀದಿಯಲ್ಲಿ ಒಬ್ಬ ದರ್ಜಿ ತನ್ನ ಕತ್ತರಿ ಕೊಟ್ಟ. ಅವನು ಎಷ್ಟೋ ಕಾಲದಿಂದ ಆ ಕತ್ತರಿಯನ್ನು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಬೇರೊಬ್ಬ ಸಾಣೆಯವನು ಬೀದಿಗೆ ಬಂದರೂ, “ನಮ್ಮವನು ಬರ್ತಾನೆ,” ಎಂದು ಕಾದಿದ್ದ.

ಕತ್ತರಿಯ ಅಲಗು ತೆಳು. ತೆಳು ಅಲಗು ಬೇಗ ಕಾಯುತ್ತದೆ. ಕಾಯುವುದು ಬೆರಳಿಗೆ ತಿಳಿದ ಕ್ಷಣ ಸಾಣೆಯವನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅವನು ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ. ಅವತ್ತೂ ಬೆರಳಿಗೆ ತಿಳಿಯಿತು. ಅವತ್ತೂ ಪೆಡಲ್ ಮೇಲೆ ಸುಮ್ಮನಿದ್ದ ಕಾಲು ನಿಧಾನ ಮಾಡಲು ನೋಡಿತು. ಕಲ್ಲು ನಿಧಾನವಾಗಲಿಲ್ಲ. ಅವನು ಅಲಗನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಅಂಚು ನೀಲಿಯಾಗಿತ್ತು. ನೀಲಿಯಾದ ಉಕ್ಕಿಗೆ ಹದವಿರುವುದಿಲ್ಲ. ಅದು ಆಮೇಲೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ.

ದರ್ಜಿ ಒಂದು ಚೂರು ಬಟ್ಟೆ ತಂದು ಕತ್ತರಿಸಿ ನೋಡಿದ. ಬೈಯಲಿಲ್ಲ.

“ಇಷ್ಟು ದಿನ ನಿನ್ನ ಕಾಲು ನನ್ನ ಕತ್ತರಿ ಮಾತು ಕೇಳ್ತಿತ್ತಪ್ಪಾ,” ಎಂದ. “ಇವತ್ತು ಯಾರ ಮಾತೂ ಕೇಳಲಿಲ್ಲ.”

ಕೂಲಿ ಕೊಡಲು ಬಂದ. ಸಾಣೆಯವನು ತೆಗೆದುಕೊಳ್ಳಲಿಲ್ಲ. ಆ ಬೀದಿಯಲ್ಲಿ ಮತ್ತೆ ಯಾರೂ ಅವನಿಗೆ ಅಲಗು ಕೊಡಲಿಲ್ಲ. ಮಾತು ಅವನ ಮೋಟಾರಿಗಿಂತ ಬೇಗ ಮುಂದಿನ ಊರು ಮುಟ್ಟಿತು.

ಸಾಣೆಯವನು ಸಿಟ್ಟಿನಿಂದ ಅಂಗಡಿಗೆ ಹೋದ. ಈ ಸಲ ಕಲ್ಲು ಬಿಚ್ಚುವುದನ್ನೂ ಮರೆತಿದ್ದ. ವ್ಯಾಪಾರಿ ಹೊರಗೆ ಬಂದು ಕಲ್ಲು ನೋಡಿದ, ಕಲ್ಲಿಗೆ ಸುತ್ತಿಟ್ಟಿದ್ದ ಟ್ಯೂಬಿನ ಪಟ್ಟಿ ನೋಡಿದ, ಹಿಡಿಯಲ್ಲಿ ಜೋತಿದ್ದ ದಾರ ನೋಡಿದ. ತಲೆಯ ಮೇಲೆ ಕೈ ಇಟ್ಟುಕೊಂಡ.

“ನೀನು ಸಾಣೆಯವನಾ? ಒಂದು ಮಾತು ಹೇಳಬಾರದಿತ್ತಾ ಮಾರಾಯಾ? ಮುಂದಿನ ಚಕ್ರಕ್ಕೆ ಹಾಕೋ ಮೋಟಾರು ಕೊಡ್ತಿದ್ದೆ. ಹಿಂದಿನ ಚಕ್ರ ಮುಟ್ಟೋ ಕೆಲಸವೇ ಇರ್ತಿರಲಿಲ್ಲ. ಏರಿನಲ್ಲಿ ಸ್ವಲ್ಪ ಮುಕ್ಕಿರಿಯೋದು, ಅಷ್ಟೇ. ನೀನು ಹಗೂರಕ್ಕೆ ಪೆಡಲ್ ಒತ್ತಿದ್ದರೆ ಸಾಕಾಗೋದು.” ಗೋಡೆಯ ಕಡೆ ಕೈ ತೋರಿಸಿದ. “ಅದು ಇದಕ್ಕಿಂತ ಅಗ್ಗ ಬೇರೆ.”

ಅದು ಅವತ್ತೂ ಅಲ್ಲೇ ನೇತಾಡುತ್ತಿತ್ತು.

“ನೀವು ಕೇಳಬೇಕಿತ್ತು, ಸಾವ್ಕಾರ್ರೇ.”

“ಕೇಳಿದೆನಲ್ಲಪ್ಪ. ಅಪ್ಪನ ಕಾಲದ್ದು, ಬಿಡಿ ಅಂದೆ.”

ಓಡಿಸಿದ ಚಕ್ರವನ್ನು ವಾಪಸು ತೆಗೆದುಕೊಳ್ಳುವುದು ಆ ಅಂಗಡಿಯಲ್ಲಿ ಇರಲಿಲ್ಲ. ಸಾಣೆಯವನು ಮನೆಗೆ ಹೋಗಿ ಮೋಟಾರಿನ ಚಕ್ರ ಬಿಚ್ಚಿದ. ರಾಟೆಯಿದ್ದ ಹಳೆಯ ಚಕ್ರ ಕೂರಿಸಿದ. ಮರುದಿನ ಗುಡ್ಡವನ್ನು ತುಳಿದುಕೊಂಡೇ ಹತ್ತಿದ. ಈಗ ಆಚೆ ಕಡೆ ಅವನಿಗಾಗಿ ಕಾಯುವ ಕತ್ತರಿ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಹಾಲೇಶ ಹೇಳಿದ: “ವ್ಯಾಪಾರಿಯದು ತಪ್ಪಿಲ್ಲ, ಗುರುಗಳೇ. ತಪ್ಪು ಸಾಣೆಯವನದೇ. ಬಾಯಿ ಬಿಟ್ಟು ಹೇಳಬೇಕಿತ್ತು.”

ಗುರುಗಳ ಮುಖ ಗಡುಸಾಯಿತು.

“ಬಾಯಿ ಬಿಡಬೇಕಿತ್ತು ಅನ್ನೋದು ಸುಲಭ. ಆ ಅಂಗಡಿಯಲ್ಲಿ ನಕ್ಕರಲ್ಲ, ಅವರ ಮನೆಯ ಚಾಕುಗಳೆಲ್ಲ ಯಾರ ಕಲ್ಲಿನ ಮೇಲೆ ಹರಿತವಾದದ್ದು? ದುಡಿಯುವವನು ತನ್ನ ದುಡಿಮೆಯ ಹೆಸರು ಹೇಳಲು ನಾಚುವ ಹಾಗೆ ಮಾಡಿದವರು ಅವರು. ಸಾಮಾನು ಮನೆಯಲ್ಲಿಟ್ಟು ಬಾ, ಮೈ ತೊಳೆದು ಬಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂತ ಹುಟ್ಟಿದಾಗಿನಿಂದ ಕಲಿಸಿಬಿಟ್ಟು, ಕೊನೆಗೆ ಯಾಕೆ ಹೇಳಲಿಲ್ಲ ಅಂತ ಅವನನ್ನೇ ಕೇಳುತ್ತಾರೆ. ನೀನೂ ಅದನ್ನೇ ಕೇಳಿದೆ. ಸಂಘದ ಕಾರ್ಯದರ್ಶಿ ಬೇರೆ.”

ಹಾಲೇಶ ಸದಸ್ಯರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡ. ಸಂಘದಲ್ಲಿ ಒಬ್ಬ ಸಾಣೆಯವನಿದ್ದ. ಸೈಕಲ್ ಮೇಲೆಯೇ ಒಲೆ ಹೊತ್ತಿಸಿ ಚಹಾ ಕಾಯಿಸುವವನಿದ್ದ. ಹಿಂದೆ ಎರಡು ಕಡೆ ಬಿಂದಿಗೆ ಕಟ್ಟಿಕೊಂಡು ಹೋಟೆಲುಗಳಿಗೆ ನೀರು ಹಾಕುವವಳಿದ್ದಳು. ರೈಲ್ವೆ ಗೇಟಿನ ಏರಿನಲ್ಲಿ ಹಾಲೇಶ ಮೋಟಾರು ಓಡಿಸಿ ನೋಡಿದ ಸೈಕಲ್ಲಿನ ಮೇಲೆ ಅವನೊಬ್ಬನೇ ಇದ್ದ.

“ಹಾಗಾದರೆ…” ಎಂದ ಹಾಲೇಶ. “ಮುಂದಿನ ಚಕ್ರದ್ದನ್ನೇ ಎಲ್ಲರಿಗೂ ತರಿಸಿಬಿಡಲಾ?”

ಗುರುಗಳು ಎದ್ದು ಬಾಗಿಲು ತೆರೆದು ಹಿಡಿದರು.

“ನಾಳೆ ಅವರೆಲ್ಲ ತೊಳೆದ ಸೈಕಲ್ ಹಿಡಿದು ನಿನ್ನ ಅಂಗಳದಲ್ಲಿ ನಿಂತಿರುತ್ತಾರೆ, ಒಬ್ಬೊಬ್ಬರನ್ನೂ ಮನೆಗೆ ಕಳಿಸಿ, ಕೆಲಸದ ಸಾಮಾನೆಲ್ಲ ಕಟ್ಟಿಕೊಂಡು ಬನ್ನಿ ಅನ್ನು.”